ಪೂಜೆಯ ಕಲ್ಲು, ಪ್ರದರ್ಶನದ ಕಲ್ಲು

ಆರ್.ಟಿ. ನಗರದಿಂದ ಮೇಖ್ರಿ ವೃತ್ತದ ಮಾರ್ಗವಾಗಿ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೂ ಅದರ ಪಕ್ಕದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಹೋಗಲು ಯೋಜಿಸುವವರು ರಜೆಯ ದಿನ, ಬಸ್ಸು, ಟಿಕೆಟ್ಟುಗಳನ್ನು ವಿಚಾರಿಸುತ್ತಾರೆಯೇ ಹೊರತು, ಅಲ್ಲಿನ ಶಿಲೆಗಳ ಮುಂದೆ ಚಪ್ಪಲಿ ಬಿಡಬೇಕೇ ಎಂದು ಕೇಳುವುದಿಲ್ಲ; ಧರ್ಮವಿಚಾರದ ದೃಷ್ಟಿಯಿಂದ ಈ ಕೇಳದ ಪ್ರಶ್ನೆಯೇ ಹೆಚ್ಚು ತೊಡಕಿನದು. ದೇವಾಲಯದ ನಿರ್ಮಾಣ ಮತ್ತು ಪೂಜಾವಿಧಿಗಳನ್ನು ನಿರೂಪಿಸುವ ಆಗಮಶಾಸ್ತ್ರದ ಪ್ರಕಾರ ಶಿಲೆಯು ಪೂಜಾರ್ಹವಾಗುವುದು ಪ್ರಾಣಪ್ರತಿಷ್ಠೆಯಿಂದ, ಎಂದರೆ ದೈವಸಾನ್ನಿಧ್ಯವನ್ನು ಮಂತ್ರಪೂರ್ವಕವಾಗಿ ಆವಾಹಿಸುವ ಕ್ರಿಯೆಯಿಂದ. ಅಂಗಭಂಗವಾದ ಮೂರ್ತಿ ಸಾಮಾನ್ಯವಾಗಿ ಪೂಜೆಗೆ ಸಲ್ಲದು. ಕೈ ಮುರಿದ ವಿಗ್ರಹಗಳ ಮಟ್ಟಿಗೆ ಸಂಗ್ರಹಾಲಯ ನಿಶ್ಚಿಂತೆಯಿಂದಿರಬಹುದು.

ಆದರೆ ಅಲ್ಲಿರುವ ಆತಕೂರಿನ ಶಾಸನಶಿಲೆ ಈ ನಿಯಮಕ್ಕೆ ಸಿಕ್ಕುವುದಿಲ್ಲ. ಗಂಗರ ದೊರೆ ಬೂತುಗನಿಂದ ಅವನ ಅನುಚರ ಮಣಲೇರನು ಬೇಡಿ ಪಡೆದ ‘ಕಾಳಿ’ ಎಂಬ ಬೇಟೆನಾಯಿ ಹಂದಿಯೊಡನೆ ಕಾದಾಡಿ, ಎರಡೂ ಸತ್ತ ನೆನಪಿಗಾಗಿ ಸುಮಾರು ಕ್ರಿ.ಶ. 950ರಲ್ಲಿ ನಿಂತ ಈ ಕಲ್ಲಿನ ಮೇಲೆ ಆ ಎರಡು ಪ್ರಾಣಿಗಳ ಸೆಣಸಾಟ ಕೆತ್ತಲ್ಪಟ್ಟಿದೆ. ಇದಕ್ಕೆ ಭೂಮಿಯನ್ನು ದತ್ತಿ ಬಿಟ್ಟು, ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಅರ್ಚಕನಿಗೆ, ನಾಯಿ ಮಾಡಿದ ಪಾಪವೇ ತಟ್ಟಲಿ ಎಂದು ಶಾಸನ ವಿಧಿಸುತ್ತದೆ. ಇಲ್ಲಿ ಪೂಜೆಯ ಮೂಲ ಕೃತಜ್ಞತೆಯೇ ಆಗಿರುವುದರಿಂದ ಸಾನ್ನಿಧ್ಯ ಹೋಯಿತೆಂಬ ಸಮಾಧಾನ ಸಾಲದು. ಮೀಮಾಂಸಕರು ಹೇಳುವ ‘ಅಧಿಕಾರ’, ಎಂದರೆ ಕರ್ಮಕ್ಕೆ ಒಬ್ಬನನ್ನು ಬಾಧ್ಯನನ್ನಾಗಿಸುವ ಅರ್ಹತೆ, ದತ್ತಿಯ ಭೂಮಿಯನ್ನು ಉಂಡವನಿಗೆ ಮಾತ್ರ ಸಲ್ಲುತ್ತದೆ ಎಂಬ ವಾದವೇ ಹೆಚ್ಚು ಗಟ್ಟಿಯಾದುದು. ಸರ್ಕಾರಿ ಸಂಬಳ ಪಡೆಯುವ ಕಾವಲುಗಾರನು ಪೂಜಿಸದೆ ಉಂಡರೂ ಕಾಳಿಯ ಪಾಪಕ್ಕೆ ಬಾಧ್ಯನಲ್ಲ.