ಕ್ಯಾಮೆರಾದ ಕತ್ತು ತಿರುಗಿಸಿದವರು ಯಾರು?

ಪುಣೆಗೆ ಹೊಸದಾಗಿ ಬಂದವರಿಗೆ ಮೊದಲು ಪರಿಚಯವಾಗುವುದು ಇಲ್ಲಿನ ಪಾಟಿಗಳು. ಮಧ್ಯಾಹ್ನ ಬೆಲ್ ಒತ್ತಬೇಡಿ, ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ, ವಿಳಾಸ ಕೇಳಬೇಡಿ ಎಂದು ಕೊಂಕು ಬೆರೆಸಿ ಬರೆದ ಬೋರ್ಡುಗಳನ್ನು ಸದಾಶಿವ ಪೇಠೆಯ ಓಣಿಗಳಲ್ಲಿ ಓದುತ್ತಾ ನಾನು ಮರಾಠಿ ಕಲಿತೆ ಎಂದರೂ ತಪ್ಪಿಲ್ಲ. ಈಗ ಆ ಸಾಲಿಗೆ ಕೊಂಕೇ ಇಲ್ಲದ ಒಂದು ಪಾಟಿ ಸೇರಿದೆ. 'ಆಪಣ್ ಸಿಸಿಟಿವಿಚ್ಯಾ ನಿಗರಾಣೀಖಾಲೀ ಆಹಾತ್.' ನೀವು ಸಿಸಿಟಿವಿಯ ನಿಗಾದಲ್ಲಿದ್ದೀರಿ. ವಾರ್ಜೆಯಲ್ಲಿರುವ ನಮ್ಮ ಸೊಸೈಟಿಯ ಗೇಟಿಗೂ ಅಂಥದ್ದೊಂದನ್ನು ತೂಗುಹಾಕಿದ್ದೇವೆ. ತೂಗುಹಾಕಿದವನು ನಾನೇ.

ಇಪ್ಪತ್ತನಾಲ್ಕು ಮನೆಗಳ ಹಳೆಯ ಕಟ್ಟಡ ನಮ್ಮದು. ಕಳೆದ ವರ್ಷ ಪಾರ್ಕಿಂಗಿನಿಂದ ಎರಡು ಬೈಕುಗಳ ಪೆಟ್ರೋಲು, ಒಂದು ಬ್ಯಾಟರಿ ಕಳುವಾದವು. ಕಮಿಟಿ ಕೂತು ನಾಲ್ಕು ಕ್ಯಾಮೆರಾ ಹಾಕಿಸುವ ತೀರ್ಮಾನ ಮಾಡಿತು. ಸಾಫ್ಟ್‌ವೇರಿನವನು ಎಂಬ ಒಂದೇ ಕಾರಣಕ್ಕೆ ಉಸ್ತುವಾರಿ ನನ್ನ ತಲೆಗೆ ಬಂತು. ಸಾಫ್ಟ್‌ವೇರಿನವರಿಗೆ ಪ್ಲಗ್ ಇರುವುದೆಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ಎಲ್ಲ ಸೊಸೈಟಿಗಳಲ್ಲೂ ಇರಬೇಕು.

ಕ್ಯಾಮೆರಾ ಹಾಕಲು ಬಂದ ಹುಡುಗ ಏಣಿ ಹತ್ತಿದಾಗ ನಾನು ಕೆಳಗೆ ಮೊಬೈಲು ಹಿಡಿದು ನಿಂತಿದ್ದೆ. ಅಲ್ಲಿಯವರೆಗೆ ನನಗೆ ಕ್ಯಾಮೆರಾ ಎಂದರೆ ಲೆನ್ಸು, ರೆಸಲ್ಯೂಷನ್ನು, ಹಾರ್ಡ್ ಡಿಸ್ಕು. ಅದನ್ನು ಗೋಡೆಗೆ ಹಿಡಿದಿರುವ ಬ್ರ್ಯಾಕೆಟ್ಟಿನ ಕಡೆ ಗಮನ ಹೋಗಿದ್ದು ಅಂದೇ. ಅಂಗೈ ಅಗಲದ ಲೋಹದ ತುಂಡು. ಅದಕ್ಕೆ ಮೂರು ಚಲನೆ. ಬುಡದಲ್ಲಿ ಎಡಕ್ಕೆ ಬಲಕ್ಕೆ ತಿರುಗುತ್ತದೆ, ನಡುವಿನ ಗೆಣ್ಣಿನಲ್ಲಿ ಮೇಲಕ್ಕೆ ಕೆಳಕ್ಕೆ ಬಾಗುತ್ತದೆ, ಚಿತ್ರ ಸೊಟ್ಟಗೆ ಬಂದರೆ ಕ್ಯಾಮೆರಾವನ್ನು ತನ್ನ ಸುತ್ತಲೇ ಹೊರಳಿಸಬಹುದು. ಮೂರನ್ನೂ ಹೊಂದಿಸಿ ಅಲೆನ್ ಕೀಯಿಂದ ಸ್ಕ್ರೂ ಬಿಗಿದರೆ ಮುಗಿಯಿತು. ಮುಂದೆ ವರ್ಷಗಟ್ಟಲೆ ಅದು ನೋಡುವುದೆಲ್ಲ ಆ ಒಂದು ನಿಮಿಷದಲ್ಲಿ ತೀರ್ಮಾನವಾದದ್ದು. 'ಇಕಡೇ? ಥೋಡಂ ಅಜೂನ್?' ಎಂದು ಅವನು ಮೇಲಿನಿಂದ ಕೇಳುತ್ತಿದ್ದ. ನಾನು ಪರದೆ ನೋಡುತ್ತಾ 'ಹೋ, ಅಜೂನ್ ಥೋಡಂ' ಎನ್ನುತ್ತಿದ್ದೆ. ಕೊನೆಯ ಎರಡು ಬೈಕುಗಳು ಚೌಕಟ್ಟಿನೊಳಗೆ ಬಂದ ಮೇಲೆ 'ಬಸ್' ಎಂದೆ.

ಆ ಎರಡು ಬೈಕುಗಳ ಹಿಂದೆ ವಾಚ್‌ಮನ್‌ನ ಖೋಲಿ ಇತ್ತು. ನನ್ನ ಕಣ್ಣಿಗೆ ಬಿದ್ದಿತ್ತು, ಆದರೆ ಅದನ್ನು ನಾನು ಮನೆ ಎಂದು ಎಣಿಸಿರಲಿಲ್ಲ.

ವಾಚ್‌ಮನ್ ಅಫಜಲಪುರದ ಕಡೆಯವನು. ಕಲಬುರಗಿ, ವಿಜಯಪುರ ಜಿಲ್ಲೆಗಳಿಂದ ಪುಣೆಯ ಕಟ್ಟಡ ಕೆಲಸಕ್ಕೆ, ಕಾವಲಿಗೆ ಬಂದಿರುವ ಎಷ್ಟೋ ಮನೆತನಗಳಲ್ಲಿ ಅವನದೂ ಒಂದು. ಹೆಂಡತಿ ನಮ್ಮದೇ ಕಟ್ಟಡದ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾಳೆ. ನಾನು ಧಾರವಾಡದವನೆಂದು ಗೊತ್ತಾದ ದಿನದಿಂದ ಇಬ್ಬರೂ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಾರೆ. ಕ್ಯಾಮೆರಾ ಹಾಕಿಸಿದ ಐದನೆಯ ದಿನ ಆಕೆ ಮೆಟ್ಟಿಲ ಹತ್ತಿರ ನನ್ನನ್ನು ತಡೆದಳು.

'ಸರ, ಆ ಕ್ಯಾಮೆರಾ ಒಂದೀಟು ಆ ಕಡಿ ಮಾಡ್ರಿ. ನಮ್ಮ ಬಚ್ಚಲಕ್ಕ ಬಾಗಲಿಲ್ಲ, ಪಡದಾ ಅದ. ಗಾಳಿ ಬಂದ್ರ ಹಾರ್ತದ.'

ನಾನು ಸಮಾಧಾನ ಹೇಳಿದೆ. 'ಅದನ್ನ ಯಾರೂ ಕುಂತು ನೋಡಂಗಿಲ್ಲವಾ. ಕಳುವಾದ್ರಷ್ಟ ತಗದು ನೋಡ್ತೀವಿ.'

ಆಕೆ ಒಂದು ಕ್ಷಣ ಸುಮ್ಮನಿದ್ದು ಕೇಳಿದಳು. 'ಯಾರೂ ನೋಡಲ್ಲಂದ್ರ ಯಾಕ ಹಾಕ್ಯಾರ್ರೀ ಸರ?'

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ನಾನು ಹೇಳಿದ್ದು ಪೂರ್ತಿ ನಿಜವೂ ಆಗಿರಲಿಲ್ಲ. ಕಮಿಟಿಯ ಆರು ಜನರ ಮೊಬೈಲಿನಲ್ಲೂ ಆ ಆ್ಯಪ್ ಇತ್ತು. ಪಾರ್ಸೆಲ್ ಬಂತೇ ಎಂದು ನೋಡಲು ನಾನು ಆಫೀಸಿನ ಊಟದ ಹೊತ್ತಿನಲ್ಲಿ ಅದನ್ನು ತೆರೆಯುತ್ತಿದ್ದೆ. ಹಾಗೆ ತೆರೆದಾಗ ಒಮ್ಮೆ ಆಕೆ ಖೋಲಿಯ ಮುಂದಿನ ಕಲ್ಲಿನ ಮೇಲೆ ಬಟ್ಟೆ ಒಗೆಯುವುದು ಕಂಡಿತ್ತು. ಗುಡ್ಡೆ ದೊಡ್ಡದಿತ್ತು. ಬೇರೆ ಮನೆಯವರ ಬಟ್ಟೆಯನ್ನೂ ಸೊಸೈಟಿಯ ನೀರಿನಲ್ಲಿ ಒಗೆಯುತ್ತಿದ್ದಾಳೋ ಏನೋ ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ. ನಾನು ಯಾರಿಗೂ ಹೇಳಲಿಲ್ಲ. ಆದರೆ ಮುಂದಿನ ಸಭೆಯಲ್ಲಿ ಇನ್ನೊಬ್ಬ ಸದಸ್ಯರು ಅದೇ ಮಾತನ್ನು ಗಟ್ಟಿಯಾಗಿ ಹೇಳಿದರು. ಪೆಟ್ರೋಲು ಕಳ್ಳನಿಗಾಗಿ ಹಾಕಿದ ಕ್ಯಾಮೆರಾ ಎರಡೇ ವಾರದಲ್ಲಿ ಬಕೆಟ್ ಎಣಿಸತೊಡಗಿತ್ತು.

ಈ ವಿಷಯದಲ್ಲಿ ಭದ್ರತೆಯ ಪರವಾಗಿ ಮಾತಾಡುವವರನ್ನು ಹಗುರವಾಗಿ ಕಾಣುವ ಹಕ್ಕು ಪುಣೆಯಲ್ಲಿರುವವರಿಗೆ ಇಲ್ಲ. 2010ರ ಫೆಬ್ರವರಿ 13ರ ಸಂಜೆ ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ ಬಾಂಬು ಸಿಡಿದು 17 ಜನ ಸತ್ತರು. 2012ರ ಆಗಸ್ಟ್ 1ರಂದು ಜಂಗಲಿ ಮಹಾರಾಜ ರಸ್ತೆಯಲ್ಲಿ ಸರಣಿ ಸ್ಫೋಟಗಳಾದವು. ನಗರದ ಚೌಕಗಳ ಕಂಬಗಳಲ್ಲಿ ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಬಂದದ್ದು ಅದರ ನಂತರ. ರಾತ್ರಿ ಪಾಳಿ ಮುಗಿಸಿ ಹಿಂಜವಡಿಯಿಂದ ಒಬ್ಬಳೇ ಬರುವ ಹುಡುಗಿಗೆ ಕಂಬದ ಮೇಲಿನ ಆ ಪೆಟ್ಟಿಗೆ ಧೈರ್ಯ ಕೊಟ್ಟರೆ ಅದನ್ನು ಭ್ರಮೆ ಎನ್ನಲು ನನಗೆ ಮನಸ್ಸಿಲ್ಲ.

ಹಾಗಾದರೆ ಪ್ರಶ್ನೆ ಕ್ಯಾಮೆರಾ ಬೇಕೇ ಬೇಡವೇ ಎನ್ನುವುದಲ್ಲ. ಅದು ಯಾರ ಕಡೆ ತಿರುಗಿದೆ, ತಿರುಗಿಸಿದವರು ಯಾರು, ಅವರನ್ನು ಕೇಳುವವರು ಯಾರು ಎನ್ನುವುದು. ಒಂದು ಉದಾಹರಣೆ ಕೊಡುತ್ತೇನೆ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು, ದೇಶದ ಪ್ರತಿ ಪೊಲೀಸ್ ಠಾಣೆಯಲ್ಲೂ ಸಿಸಿಟಿವಿ ಇರಬೇಕೆಂದು ಆದೇಶಿಸಿತು. ಎಲ್ಲೆಲ್ಲಿ ಎಂಬುದನ್ನೂ ಹೇಳಿತು. ಪ್ರವೇಶದ್ವಾರ, ಲಾಕಪ್ಪು, ಕಾರಿಡಾರು, ಶೌಚಾಲಯದ ಹೊರಗೆ, ಒಳಗಲ್ಲ. ಅಲ್ಲಿ ಕ್ಯಾಮೆರಾ ಅಧಿಕಾರವಿದ್ದವರ ಕಡೆ ತಿರುಗಿದೆ, ಕೈಲಾಗದವನು ಅದರ ಬೆನ್ನಿಗೆ ನಿಂತಿದ್ದಾನೆ. ನಮ್ಮ ಪಾರ್ಕಿಂಗಿನಲ್ಲಿ ಅದೇ ಯಂತ್ರ, ಅದೇ ಬ್ರ್ಯಾಕೆಟ್ಟು, ಆದರೆ ಅಧಿಕಾರವಿದ್ದವರು ಅದರ ಬೆನ್ನಿಗಿದ್ದೇವೆ.

ಕಾವಲು ಗೋಪುರದ ಸುತ್ತ ಕೋಣೆಗಳನ್ನು ಜೋಡಿಸಿದ ಬೆಂಥಮ್‌ನ ಸೆರೆಮನೆಯ ಬಗ್ಗೆ ನಿಮ್ಮಲ್ಲಿ ಹಲವರು ಓದಿರಬಹುದು. 1791ರಲ್ಲಿ ಅವನು ಪ್ರಕಟಿಸಿದ ಆ ಯೋಜನೆಯಲ್ಲಿ ನೋಡುವವನು ಗೋಪುರದಲ್ಲಿ ಇದ್ದಾನೋ ಇಲ್ಲವೋ ಕೈದಿಗೆ ತಿಳಿಯುವುದಿಲ್ಲ. ಇರಬಹುದು ಎಂಬ ಅಳುಕೇ ಸಾಕು. 1975ರಲ್ಲಿ ಫೂಕೊ ಇದನ್ನೇ ಎತ್ತಿಕೊಂಡು ಆಧುನಿಕ ಅಧಿಕಾರ ಕೆಲಸ ಮಾಡುವ ಬಗೆಯನ್ನು ವಿವರಿಸಿದ. ನಾನು ಇದನ್ನು ಕಾಲೇಜಿನಲ್ಲಿ ಓದಿ ಅಂಕ ಪಡೆದಿದ್ದೆ. ಆದರೂ ಒಬ್ಬ ಹೆಂಗಸಿಗೆ 'ಯಾರೂ ನೋಡುವುದಿಲ್ಲ' ಎಂದು ಹೇಳಿ ಮೆಟ್ಟಿಲು ಹತ್ತುವಾಗ ನನಗೆ ಅದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ.

ನಮ್ಮೂರಿನ ಕಟ್ಟೆಯ ಮೇಲೂ ನಾಲ್ಕು ಕಣ್ಣು ಸದಾ ಇರುತ್ತಿದ್ದವು, ಯಾರು ಯಾರ ಮನೆಗೆ ಹೋದರು ಎಂದು ಲೆಕ್ಕವಿಡುತ್ತಿದ್ದವು ಎಂದು ನೀವು ಹೇಳಬಹುದು. ನಿಜ, ಆ ಕಣ್ಣುಗಳಿಂದ ತಪ್ಪಿಸಿಕೊಳ್ಳಲೆಂದೇ ನಗರಕ್ಕೆ ಬಂದವರೂ ನಮ್ಮಲ್ಲಿದ್ದಾರೆ. ಆದರೆ ಕಟ್ಟೆಯ ಮೇಲೆ ಕೂತವನನ್ನು ದಾರಿಹೋಕನೂ ನೋಡುತ್ತಿದ್ದ. 'ಏನಪಾ, ಕೆಲಸಿಲ್ಲೇನು?' ಎಂದು ಕೇಳಬಲ್ಲವನಾಗಿದ್ದ. ನೋಡಬಾರದ್ದು ಕಂಡಾಗ ಕಟ್ಟೆಯವನು ಮುಖ ತಿರುಗಿಸುತ್ತಿದ್ದ, ಕೆಮ್ಮಿ ಸದ್ದು ಮಾಡುತ್ತಿದ್ದ. ಕತ್ತು ತಿರುಗಿಸುವುದು ನೋಡುವವನ ಮರ್ಯಾದೆ. ಗೋಡೆಯ ಮೇಲಿನ ಕಣ್ಣಿಗೂ ಕತ್ತು ಇದೆ, ಆದರೆ ಅದನ್ನು ತಿರುಗಿಸುವ ಮರ್ಯಾದೆಯನ್ನು ಬೇರೆ ಯಾರೋ ಹೊರಬೇಕು.

ಕಾನೂನು ಇಲ್ಲಿ ಎಷ್ಟು ದೂರ ಬರುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದವರು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ, ವ್ಯಕ್ತಿಯೊಬ್ಬ ತನ್ನ ಸ್ವಂತದ ಅಥವಾ ಮನೆಯ ಉದ್ದೇಶಕ್ಕೆ ಮಾಡುವುದನ್ನು ಹೊರಗಿಟ್ಟಿದೆ. ಮನೆಯ ಉದ್ದೇಶ ಎಲ್ಲಿಗೆ ಮುಗಿಯುತ್ತದೆ?

ಇದೇ ಪ್ರಶ್ನೆ ಯುರೋಪಿನ ನ್ಯಾಯಾಲಯದ ಮುಂದೆ ಬಂದಿತ್ತು. ಜೆಕ್ ದೇಶದ ರೈನೆಶ್ ಎಂಬಾತನ ಮನೆಯ ಕಿಟಕಿಗಳನ್ನು ಯಾರೋ ಮತ್ತೆ ಮತ್ತೆ ಒಡೆಯುತ್ತಿದ್ದರು. ಆತ ಸೂರಿನ ಕೆಳಗೆ ಒಂದು ಕ್ಯಾಮೆರಾ ಹಾಕಿದ. ಅದು ತಿರುಗದಂತೆ ಒಂದೇ ಕಡೆ ನಿಲ್ಲಿಸಿದ್ದು. ಅವನ ಬಾಗಿಲು, ಮುಂದಿನ ಕಾಲುದಾರಿ, ಎದುರು ಮನೆಯ ಬಾಗಿಲು ಮೂರೂ ಅದರಲ್ಲಿ ಕಾಣುತ್ತಿದ್ದವು. 2007ರ ಅಕ್ಟೋಬರಿನ ಒಂದು ರಾತ್ರಿ ಕವಣೆಯಿಂದ ಕಿಟಕಿ ಒಡೆದವರ ಗುರುತು ಅದರಿಂದಲೇ ಸಿಕ್ಕಿತು. ಆಗ ಆರೋಪಿಗಳಲ್ಲಿ ಒಬ್ಬ, ನನ್ನನ್ನು ಚಿತ್ರೀಕರಿಸಿದ್ದು ಸರಿಯೇ ಎಂದು ದೂರಿದ. 2014ರ ಡಿಸೆಂಬರ್ 11ರಂದು ನ್ಯಾಯಾಲಯ ಹೇಳಿದ್ದಿಷ್ಟು: ಕ್ಯಾಮೆರಾ ಸಾರ್ವಜನಿಕ ಜಾಗವನ್ನು ನೋಡತೊಡಗಿದರೆ ಅದು ಬರೀ ಮನೆಯ ವ್ಯವಹಾರವಾಗಿ ಉಳಿಯುವುದಿಲ್ಲ. ಹಾಗೆಂದು ತನ್ನ ಜೀವ, ಆಸ್ತಿ ಕಾಪಾಡಿಕೊಳ್ಳುವ ಆತನ ಹಿತವನ್ನು ಕಡೆಗಣಿಸಬೇಕಿಲ್ಲ, ಅದನ್ನೂ ತೂಗಿ ನೋಡಬಹುದು. ಕಾನೂನಿನ ಗೆರೆ ಬ್ರ್ಯಾಕೆಟ್ಟಿನ ಕೋನದ ಮೇಲೆ ಬಿದ್ದದ್ದನ್ನು ಇಷ್ಟು ಸ್ಪಷ್ಟವಾಗಿ ನಾನು ಇನ್ನೆಲ್ಲೂ ಕಂಡಿಲ್ಲ.

ನಮ್ಮ ಕಥೆಗೆ ಬರುತ್ತೇನೆ. ಆಕೆ ಕೇಳಿದ ಮೂರನೆಯ ರಾತ್ರಿ ನಾನು ಏಣಿ ಇಟ್ಟು ಹತ್ತಿದೆ. ಅಲೆನ್ ಕೀಯಿಂದ ಸ್ಕ್ರೂ ಸಡಿಲಿಸಿ ಕ್ಯಾಮೆರಾವನ್ನು ಸುಮಾರು ಹತ್ತು ಡಿಗ್ರಿ ತಿರುಗಿಸಿದೆ. ಹತ್ತು ಮೀಟರ್ ದೂರದಲ್ಲಿ ಹತ್ತು ಡಿಗ್ರಿ ಎಂದರೆ ಒಂದೂಮುಕ್ಕಾಲು ಮೀಟರ್, ಒಂದು ಬಾಗಿಲು ಮತ್ತು ಅದರ ಪಕ್ಕದ ಪಡದಾ ಮರೆಯಾಗುವಷ್ಟು. ಕೊನೆಯ ಎರಡು ಬೈಕುಗಳೂ ಅದರೊಟ್ಟಿಗೆ ಚೌಕಟ್ಟಿನಿಂದ ಹೊರಬಿದ್ದವು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಚರ್ಚೆಯಾಗುತ್ತದೆ, ಸದ್ದಿಲ್ಲದೆ ಒಳ್ಳೆಯದು ಮಾಡಿದರೆ ಸಾಕು ಎಂದುಕೊಂಡೆ. ನನ್ನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಮೂರು ವಾರದ ನಂತರ ಅದೇ ಮೂಲೆಯಿಂದ ಒಬ್ಬ ಹುಡುಗನ ಗೇರ್ ಸೈಕಲ್ಲು ಕಳುವಾಯಿತು. ಆ್ಯಪ್ ತೆರೆದರೆ ಮೂಲೆಯೇ ಇಲ್ಲ. ಕ್ಯಾಮೆರಾ ತಿರುಗಿಸಿದವರು ಯಾರು ಎಂಬ ಪ್ರಶ್ನೆ ಗುಂಪಿನಲ್ಲಿ ಬಂದ ಹತ್ತೇ ನಿಮಿಷಕ್ಕೆ ಉತ್ತರವೂ ಬಂತು. ವಾಚ್‌ಮನ್ನೇ ಕೋಲಿನಿಂದ ತಳ್ಳಿರಬೇಕು, ಅವನ ಖೋಲಿ ಅಲ್ಲೇ ಇದೆಯಲ್ಲ. ಸಂಜೆ ಅವನನ್ನು ಕರೆಸಿ ನಿಲ್ಲಿಸಿಕೊಂಡು ಕೇಳಿದರು. ಅವನು ತನ್ನ ಅರೆಬರೆ ಮರಾಠಿಯಲ್ಲಿ 'ಮೀ ನಾಹೀ ಸಾಹೇಬ್' ಎನ್ನುತ್ತಿದ್ದ. ತಿರುಗಿಸಿದ್ದು ನಾನೇ ಎಂದು ಅವನಿಗೆ ಗೊತ್ತಿತ್ತು, ಆ ರಾತ್ರಿ ಏಣಿ ಹಿಡಿದಿದ್ದವನು ಅವನೇ. ಅವನು ನನ್ನ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ನಾನು ಅಲ್ಲೇ ಇದ್ದೆ. ಮಾತಾಡಲಿಲ್ಲ. ಎರಡು ದಿನ ಮಾತಾಡಲಿಲ್ಲ.

ಈ ಎರಡು ದಿನಗಳ ಬಗ್ಗೆ ಬರೆಯಲೆಂದೇ ಈ ಲೇಖನ ಶುರುಮಾಡಿದೆ ಎಂದು ಈಗ ಅನ್ನಿಸುತ್ತಿದೆ. ಸೈಕಲ್ಲಿನ ಬೆಲೆ ನನಗೆ ದೊಡ್ಡದಾಗಿರಲಿಲ್ಲ. ಸಭೆಯಲ್ಲಿ ನಗೆಪಾಟಲಾಗುವ ಅಂಜಿಕೆ ಇತ್ತು. ಒಳ್ಳೆಯ ಕೆಲಸ ಮಾಡಿದವನು ತಪ್ಪಿತಸ್ಥನಂತೆ ನಿಲ್ಲಬೇಕೇ ಎಂಬ ಸಿಟ್ಟೂ ಇತ್ತು. ಆದರೆ ಯೋಚಿಸಿದಷ್ಟೂ ಒಂದು ಮಾತು ಸ್ಪಷ್ಟವಾಯಿತು. ಮೊದಲ ದಿನ 'ಅಜೂನ್ ಥೋಡಂ' ಎಂದವನೂ ನಾನು, ರಾತ್ರಿ ತಿರುಗಿಸಿದವನೂ ನಾನು. ಎರಡು ಸಲವೂ ಯಾರನ್ನೂ ಕೇಳದೆ, ಯಾರಿಗೂ ಹೇಳದೆ ಮಾಡಿದೆ. ಮೊದಲನೆಯದರ ಬೆಲೆಯನ್ನು ಆಕೆ ತೆತ್ತಳು, ಎರಡನೆಯದರದನ್ನು ಅವಳ ಗಂಡ. ನನ್ನ ಉದ್ದೇಶ ಒಮ್ಮೆ ಅಜಾಗ್ರತೆಯದು, ಒಮ್ಮೆ ಕರುಣೆಯದು ಇದ್ದಿರಬಹುದು. ಅವರ ಪಾಲಿಗೆ ಬಂದದ್ದು ಒಂದೇ. ಗುಟ್ಟಾಗಿ ತೋರಿದ ಕರುಣೆ ಹೊಣೆಯಿಂದ ತಪ್ಪಿಸಿಕೊಳ್ಳುವ ದಾರಿಯೂ ಆಗಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಸಭೆಯಲ್ಲಿ ಎದ್ದು ಹೇಳಿದೆ. ಕೆಲವರು ಬೈದರು, ಒಬ್ಬರು ನಕ್ಕರು. ಸೈಕಲ್ಲಿನ ಅರ್ಧ ಹಣ ನಾನು ಕೊಟ್ಟೆ. ಬಕೆಟ್ ಎಣಿಸಿದ್ದವರೇ ಕೊನೆಗೆ, ಎದುರಿನ ಕಂಬಕ್ಕೆ ಕ್ಯಾಮೆರಾ ಹಾಕಿದರೆ ಬೈಕುಗಳೂ ಕಾಣುತ್ತವೆ, ಖೋಲಿ ಕಾಣುವುದಿಲ್ಲ ಅಲ್ಲವೇ ಎಂದರು. ಹೌದು, ಹಾಗೇ ಆಯಿತು. ನಲವತ್ತು ಅಡಿ ವೈರು ಹೆಚ್ಚಿಗೆ ಬೇಕಾಯಿತು, ಅಷ್ಟೇ. ಭದ್ರತೆಯೋ ಮರ್ಯಾದೆಯೋ ಎಂದು ನಾನು ತಲೆ ಕೆಡಿಸಿಕೊಂಡಿದ್ದ ಧರ್ಮಸಂಕಟದ ಅರ್ಧ ಭಾಗ, ಪ್ಲಗ್ ಪಾಯಿಂಟ್ ಹತ್ತಿರವಿದ್ದ ಕಂಬವನ್ನು ನಾವು ಆರಿಸಿಕೊಂಡಿದ್ದರಿಂದ ಹುಟ್ಟಿದ್ದು.

ಇನ್ನರ್ಧ ಹಾಗೇ ಇದೆ. ಅವನು ಇಡೀ ದಿನ ಗೇಟಿನ ಕ್ಯಾಮೆರಾದ ಕೆಳಗೆ ಕೂರುತ್ತಾನೆ, ಕಣ್ಣು ಮುಚ್ಚಿದರೆ ಆರು ಮೊಬೈಲಿಗೆ ತಿಳಿಯುತ್ತದೆ. ನಾವು ಒಂದೆರಡು ನಿಯಮ ಮಾಡಿಕೊಂಡಿದ್ದೇವೆ. ಆ್ಯಪ್ ಈಗ ಇಬ್ಬರ ಬಳಿ ಮಾತ್ರ. ಯಾವುದೇ ಕ್ಯಾಮೆರಾ ತಿರುಗಿಸುವ ಮೊದಲು ಅದರ ಎದುರು ಬದುಕುವವರನ್ನು ಕರೆದು ಪರದೆ ತೋರಿಸಬೇಕು, ತಿರುಗಿಸಿದವರ ಹೆಸರು, ತಾರೀಖು ಸೊಸೈಟಿಯ ಪುಸ್ತಕದಲ್ಲಿ ಬರೆಯಬೇಕು. ಮೊದಲ ಹೆಸರು ನನ್ನದು.

ಹೊಸ ಜಾಗದಿಂದ ಏನು ಕಾಣುತ್ತದೆ ಎಂದು ಆಕೆಗೆ ಮೊಬೈಲು ತೋರಿಸಿದೆ. ಸೀರೆಯ ಸೆರಗಿನಿಂದ ಕೈ ಒರೆಸಿಕೊಂಡು ಮೊಬೈಲು ಈಸಿಕೊಂಡಳು, ಬಹಳ ಹೊತ್ತು ನೋಡಿದಳು. 'ಛಲೋ ಆತ್ರಿ ಅಣ್ಣಾ' ಎಂದು ಮರಳಿಸಿದಳು. ಗಂಡನನ್ನು ನಿಲ್ಲಿಸಿ ಕೇಳಿದ ಸಂಜೆಯ ಬಗ್ಗೆ ನಾನು ಕ್ಷಮೆ ಕೇಳಲು ಹೋದೆ. 'ಇರ್ಲಿ ಬಿಡ್ರಿ' ಎಂದು ಒಳಗೆ ಹೋದಳು.

ಬಚ್ಚಲಿಗೆ ಆಗ ಒಂದು ಪಡದಾ ಇತ್ತು. ಕ್ಯಾಮೆರಾ ಬಂದ ಮೇಲೆ ಅದರ ಮೇಲೊಂದು ಹಳೆಯ ಸೀರೆ ಕಟ್ಟಿದ್ದಳು. ಕ್ಯಾಮೆರಾ ಅಲ್ಲಿಂದ ಹೋಗಿ ಐದು ತಿಂಗಳಾಯಿತು. ಆ ಸೀರೆ ಇನ್ನೂ ಹಾಗೇ ಇದೆ.