ಎಷ್ಟ್ ವರ್ಷ ಆದ್ರ ಮುಗಿತೈತ್ರಿ?

ನಮ್ಮ ಅವ್ವ ಮೂರು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿ ಕಣ್ಣು ತೋರಿಸ್ಕೊಂಡು ಬರಬೇಕು. ಮೊದಲೆಲ್ಲ ಯಲಬುರ್ಗಾದಿಂದ ಬಸ್ಸಿಗೇ ಹೋಗ್ತಿದ್ಲು. ಕಣ್ಣಿಗೆ ಔಷಧ ಬಿಟ್ಟ ಮೇಲೆ ವಾಪಸ್ ಬರೋವಾಗ ಬಸ್ಸಿನ ಬೋರ್ಡೇ ಕಾಣೋದಿಲ್ಲ ಅಂತ ಈಗ ಬಾಡಿಗೆ ಗಾಡಿ. ದುಡ್ಡು ನಾನು ಕಳಿಸ್ತೀನಿ, ಗಾಡಿ ಹೇಳೋದು ಅವಳೇ. ಪ್ರತಿಸಲ ಒಬ್ಬನಿಗೇ ಹೇಳ್ತಾಳೆ.

ಆ ಒಬ್ಬ ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಹೊಲದ ಬದುವಿನ ಜಗಳದಲ್ಲಿ ಪಕ್ಕದ ಹೊಲದವನ ಕೈಯನ್ನ ಬಡಿಗೆಯಿಂದ ಹೊಡೆದು ಮುರಿದಿದ್ದ. ಜೈಲಿಗೂ ಹೋಗಿಬಂದ. ಇದು ಊರಿಗೆಲ್ಲ ಗೊತ್ತು, ಅವ್ವಗೂ ಗೊತ್ತು. 'ಅದೇನ್ ಬಿಡೋ, ಆಗ ಹುಡುಗ ಇದ್ದ' ಅನ್ನೋದು ಅವಳ ತೀರ್ಪು. ಕೈ ಮುರಿಸ್ಕೊಂಡವರ ಮನೆಯವರೂ ಈಗ ಅವನ ಗಾಡೀಲಿ ಗದಗಕ್ಕೆ ಹೋಗ್ತಾರೆ. ಪ್ರೀತಿಯಿಂದ ಅಂತೇನಲ್ಲ, ಬೇರೆ ಗಾಡಿ ಸಿಗದಿದ್ದಾಗ. ನನಗೂ ಇದರ ಬಗ್ಗೆ ಒಂದು ದಿನಾನೂ ಚಿಂತೆ ಆಗಿರಲಿಲ್ಲ.

ಇದನ್ನ ಮೊದಲೇ ಯಾಕೆ ಹೇಳಿದೆ ಅಂದ್ರೆ, ಕಳೆದ ವರ್ಷ ನಾನು ಇಂಥದೇ ಒಬ್ಬ ಚಾಲಕನ ಫೈಲಿನ ಮೇಲೆ 'ಬೇಡ' ಅಂತ ಟಿಕ್ ಹಾಕಿದೆ. ಹತ್ತು ಸೆಕೆಂಡ್ ಕೂಡ ಹಿಡಿದಿರಲಿಲ್ಲ.

ನಮ್ಮ ಆಫೀಸಿನಲ್ಲಿ ರಾತ್ರಿ ಪಾಳಿಯವರನ್ನ ಮನೆಗೆ ಬಿಡೋ ಕ್ಯಾಬ್‌ಗಳಿಗೆ ಒಂದು ಕಮಿಟಿ ಇದೆ, ಮೂರು ಜನ. ವೆಂಡರ್ ಚಾಲಕರ ಪಟ್ಟಿ ಕಳಿಸ್ತಾರೆ, ಜೊತೆಗೆ ಪೊಲೀಸ್ ವೆರಿಫಿಕೇಷನ್. ನಾವು ನೋಡಿ 'ಫಿಟ್' ಅಥವಾ 'ಅನ್‌ಫಿಟ್' ಬಾಕ್ಸಿಗೆ ಟಿಕ್ ಹಾಕಬೇಕು. ನಾನು ಟಿಕ್ ಹಾಕಿದ ಆ ಫೈಲಿನಲ್ಲಿ ಹನ್ನೊಂದು ವರ್ಷ ಹಳೇ ಹೊಡೆದಾಟದ ಕೇಸು ಇತ್ತು, ಅಪರಾಧ ಸಾಬೀತು ಅಂತಲೂ ಇತ್ತು. ವಿಳಾಸದ ಸಾಲಿನಲ್ಲಿ 'ತಾ. ಯಲಬುರ್ಗಾ, ಜಿ. ಕೊಪ್ಪಳ'. ನಮ್ಮೂರಿನ ಹೆಸರು ಕಂಡು ಒಂದು ಕ್ಷಣ ಖುಷಿ ಆಯ್ತು. ಆಮೇಲೆ ಆ ಖುಷಿಗೇ ಹೆದರಿದೆ: ನಮ್ಮ ಕಡೆಯವನು ಅಂತ ಬಿಟ್ಟೆ ಅನ್ನಿಸಿಕೊಳ್ಳಬಾರದಲ್ಲ. ಟಿಕ್.

ನಾಲ್ಕು ದಿನ ಬಿಟ್ಟು ಅವನು ಗೇಟಿನ ಹತ್ತಿರ ನಿಂತಿದ್ದ. ನಾನು ಯಾರು ಅಂತ ಹೇಗೋ ತಿಳ್ಕೊಂಡಿದ್ದ. ಜಗಳ ಮಾಡೋಕೆ ಬಂದಿರಲಿಲ್ಲ. 'ಸರ, ನೀವೂ ನಮ್ ಕಡೆಯವ್ರಂತ. ತಪ್ಪು ಮಾಡೀನಿ, ಇಲ್ಲ ಅನ್ನಂಗಿಲ್ಲ. ಆದ್ರ ಒಂದ್ ಮಾತು ಹೇಳ್ರಿ, ಎಷ್ಟ್ ವರ್ಷ ಆದ್ರ ಮುಗಿತೈತ್ರಿ ಇದು?' ಅಂದ. ಉತ್ತರ ನನ್ನ ಹತ್ತಿರ ಇರಲಿಲ್ಲ. 'ಕಂಪನಿ ಪಾಲಿಸಿ' ಅಂತೇನೋ ಗೊಣಗಿ ಒಳಗೆ ಬಂದೆ. ಪಾಲಿಸಿಯಲ್ಲಿ ಹಾಗೇನೂ ಬರೆದಿರಲಿಲ್ಲ.

ಆ ರಾತ್ರಿ ಕೂತು ಕಾನೂನು ಏನು ಹೇಳುತ್ತೆ ಅಂತ ಓದಿದೆ. ಓದಬೇಕಾದದ್ದು ಟಿಕ್ ಹಾಕೋ ಮುಂಚೆ, ಇರಲಿ. 1988ರ ಮೋಟಾರು ವಾಹನ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಕಿತ್ತುಕೊಳ್ಳೋಕೆ ಕಾರಣಗಳಿವೆ: ಅಪರಾಧ ಮಾಡೋದೇ ಚಾಳಿ ಆಗಿರಬೇಕು, ಅಥವಾ ಕುಡಿತ ಚಾಳಿ ಆಗಿರಬೇಕು, ಅಥವಾ ಗಾಡಿಯನ್ನೇ ಅಪರಾಧಕ್ಕೆ ಬಳಸಿರಬೇಕು, ಹೀಗೆ. ಒಂದು ಸಲ ಮಾಡಿದ್ದಕ್ಕೂ ಚಾಳಿಗೂ ಕಾನೂನು ವ್ಯತ್ಯಾಸ ಮಾಡುತ್ತೆ. ಜೊತೆಗೆ ಇನ್ನೊಂದು ಮಾತಿದೆ. ಲೈಸೆನ್ಸ್ ಇರೋನಿಗೆ ತನ್ನ ಮಾತು ಹೇಳಿಕೊಳ್ಳೋ ಅವಕಾಶ ಕೊಟ್ಟ ಮೇಲೇ ತೀರ್ಮಾನ ಆಗಬೇಕು, ಕಾರಣವನ್ನ ಬರೆದು ಕೊಡಬೇಕು, ಅವನು ಮೂವತ್ತು ದಿನದೊಳಗೆ ಅಪೀಲು ಹೋಗಬಹುದು. ಆರ್‌ಟಿಓ ಆಫೀಸಂದ್ರೆ ನಾವೆಲ್ಲ ಮೂಗು ಮುರೀತೀವಲ್ಲ, ಆ ಆಫೀಸು ಪಾಲಿಸಬೇಕಾದಷ್ಟು ಕ್ರಮವೂ ನಮ್ಮ ಎಸಿ ರೂಮಿನ ಕಮಿಟಿಯಲ್ಲಿ ಇರಲಿಲ್ಲ.

ಯೋಗ್ಯತೆ ಅಂದ್ರೇನು ಅನ್ನೋದು ಕಾಲಕಾಲಕ್ಕೆ ಬದಲಾಗಿದೆ, ಅದೂ ತಮಾಷೆ. 2019ರವರೆಗೆ ಸಾರಿಗೆ ವಾಹನ ಓಡಿಸೋಕೆ ಎಂಟನೇ ಕ್ಲಾಸ್ ಪಾಸಾಗಿರಬೇಕು ಅಂತ ಕೇಂದ್ರದ ನಿಯಮ ಇತ್ತು. ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಅಪ್ಪ-ಅವ್ವನ ಜೊತೆ ಗುಳೆ ಹೋದ ನಮ್ಮ ಕಡೆ ಹುಡುಗ ಎಷ್ಟೇ ಚೆನ್ನಾಗಿ ಗಾಡಿ ಓಡಿಸಿದ್ರೂ ಕಾಗದದ ಮೇಲೆ ನಾಲಾಯಕ್ಕು. ಆ ನಿಯಮ ಹೋಯ್ತು. ಅದು ಇರೋವರೆಗೂ ಮಾತ್ರ ಎಲ್ಲರಿಗೂ ಸಹಜ ಅನ್ನಿಸ್ತಿತ್ತು.

ನಮ್ಮ ಕಮಿಟಿಯಲ್ಲಿ ಒಬ್ಬರು ಮಹಿಳೆ ಇದ್ದಾರೆ, ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವರು. ಗೇಟಿನ ಹತ್ತಿರ ನಡೆದದ್ದನ್ನ ಅವರಿಗೆ ಹೇಳಿದೆ. ಸ್ವಲ್ಪ ಕರಗಿಸೋ ಧಾಟಿಯಲ್ಲೇ ಹೇಳಿದೆ ಅನ್ಸುತ್ತೆ. ಅವರು ಕರಗಲಿಲ್ಲ. 'ಅವನ ಕಥೆ ನಿಮಗೆ ಗೊತ್ತಾಯ್ತು. ರಾತ್ರಿ ಎರಡು ಗಂಟೆಗೆ ಹಿಂದಿನ ಸೀಟಲ್ಲಿ ಕೂತಿರೋ ಹುಡುಗಿಗೆ ಗೊತ್ತಿಲ್ಲ. ಅವಳು ಈ ಚಾಲಕ ಬೇಕು ಅಂತ ಆರಿಸ್ಕೊಂಡಿಲ್ಲ, ನಾವು ಆರಿಸಿ ಕೊಟ್ಟಿದ್ದೀವಿ' ಅಂದ್ರು.

ಈ ಮಾತನ್ನ ತಳ್ಳಿಹಾಕೋಕೆ ಆಗಲ್ಲ, ಬೆಂಗಳೂರಿನಲ್ಲಂತೂ ಆಗಲ್ಲ. 2005ರ ಡಿಸೆಂಬರಿನಲ್ಲಿ ಇದೇ ಊರಲ್ಲಿ ಕಾಲ್ ಸೆಂಟರಿನ ಹೆಣ್ಣುಮಗಳೊಬ್ಬಳು ರಾತ್ರಿ ಪಾಳಿಗೆ ಹೊರಟವಳು ಆಫೀಸು ಮುಟ್ಟಲಿಲ್ಲ. ಕರ್ಕೊಂಡು ಹೋಗೋಕೆ ಬಂದವನು ಆಕೆಯ ಮಾಮೂಲಿ ಚಾಲಕ ಅಲ್ಲ, ಅವನ ಬದಲಿಗೆ ಬಂದಿದ್ದೀನಿ ಅಂತ ಹೇಳ್ಕೊಂಡು ಬಂದವನು. ಅವನಿಗೆ 2010ರಲ್ಲಿ ಜೀವಾವಧಿ ಶಿಕ್ಷೆ ಆಯ್ತು. ಇನ್ನು 2014ರ ದೆಹಲಿಯ ಕ್ಯಾಬ್ ಅತ್ಯಾಚಾರದ ಪ್ರಕರಣ. ಆ ಚಾಲಕ 2011ರಲ್ಲೇ ಇನ್ನೊಂದು ಅತ್ಯಾಚಾರದ ಕೇಸಿನಲ್ಲಿ ಬಂಧನವಾಗಿ ಖುಲಾಸೆ ಆಗಿದ್ದವನು. ಅವನ ಕೈಯಲ್ಲಿದ್ದ ನಡತೆ ಪ್ರಮಾಣಪತ್ರ ನಕಲಿ. ಇದನ್ನ ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ನಮ್ಮ ಗೇಟಿನ ಹತ್ತಿರ ನಿಂತಿದ್ದವನು ಸಾಬೀತಾದ ಕೇಸನ್ನ ಒಪ್ಪಿಕೊಂಡು ನಿಂತಿದ್ದಾನೆ. ಕಾಗದದ ಪ್ರಕಾರ ನಿರಪರಾಧಿ ಆಗಿದ್ದವನು ಅಲ್ಲಿ ಸ್ಟೀರಿಂಗ್ ಹಿಡಿದಿದ್ದ. ಬರೀ ಕಾಗದ ನಂಬಿದ್ರೆ ಎರಡೂ ಕಡೆ ಎಡವುತ್ತೀವಿ.

ಇಂಗ್ಲೆಂಡಿನಲ್ಲಿ ಇದಕ್ಕೆ ಒಂದು ಪರೀಕ್ಷೆ ಇದೆ. 2020ರಲ್ಲಿ ಅಲ್ಲಿನ ಸಾರಿಗೆ ಇಲಾಖೆ ಹೊರಡಿಸಿದ ಟ್ಯಾಕ್ಸಿ ಮಾನದಂಡದಲ್ಲಿ, ಲೈಸೆನ್ಸ್ ಕೊಡೋ ಅಧಿಕಾರಿಗಳು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೆ: ನಿಮಗೆ ಬೇಕಾದವರೊಬ್ಬರನ್ನ, ಅವರು ಯಾವ ಸ್ಥಿತಿಯಲ್ಲೇ ಇರಲಿ, ಹಗಲೋ ರಾತ್ರಿಯೋ, ಒಬ್ಬರನ್ನೇ ಈ ಮನುಷ್ಯನ ಗಾಡಿಯಲ್ಲಿ ಕಳಿಸ್ತೀರಾ? ಸಂಶಯ ಬಂದ್ರೆ ಅದರ ಲಾಭ ಚಾಲಕನಿಗೆ ಸಿಗಬಾರದು ಅಂತಲೂ ಇದೆ. ಕೋರ್ಟಿನಲ್ಲಿ ಸಂಶಯದ ಲಾಭ ಆರೋಪಿಗೆ, ಇಲ್ಲಿ ಪ್ರಯಾಣಿಕರಿಗೆ. ಇದು ನನಗೆ ಸರಿ ಅನ್ಸುತ್ತೆ. ಲೈಸೆನ್ಸ್ ಕೊಡದೆ ಇರೋದು ಜೈಲಿಗೆ ಹಾಕೋದು ಅಲ್ಲ. ಆದ್ರೆ ಕಾರಿನ ಸಾಲದ ಕಂತು ಕಟ್ಟೋನಿಗೆ ಅದು ಶಿಕ್ಷೆ ಅಲ್ಲ ಅಂತ ಹೋಗಿ ಹೇಳಿ ನೋಡೋಣ.

ಆ ಪ್ರಶ್ನೆಯನ್ನ ನನಗೇ ಕೇಳಿಕೊಂಡಾಗ ಸಿಕ್ಕಿಬಿದ್ದೆ. ನನಗೆ ಬೇಕಾದವಳನ್ನ, ಕಣ್ಣು ಸರಿಯಾಗಿ ಕಾಣದ ಹೊತ್ತಲ್ಲಿ, ಒಬ್ಬಳನ್ನೇ, ಕೈ ಮುರಿದವನ ಗಾಡಿಯಲ್ಲಿ ಮೂರು ತಿಂಗಳಿಗೊಮ್ಮೆ ಕಳಿಸ್ತಾನೇ ಇದ್ದೀನಿ! ಅಲ್ಲಿ ಯಾಕೆ ನಂಬಿಕೆ, ಇಲ್ಲಿ ಯಾಕೆ ಇಲ್ಲ? ಅಪರಾಧ ಹೆಚ್ಚುಕಡಿಮೆ ಅದೇ, ವರ್ಷಗಳ ಲೆಕ್ಕದಲ್ಲಿ ವ್ಯತ್ಯಾಸ ಇದೆ, ನಿಜ. ಆದ್ರೆ ಅವ್ವ ವರ್ಷ ಎಣಿಸಿ ನಂಬಿದ್ದಲ್ಲ. ಅವನು ಜೈಲಿಂದ ಬಂದ ಮೇಲೆ ಏನು ಮಾಡಿದ ಅಂತ ಇಡೀ ಊರು ನೋಡಿದೆ. ಯಾರದೋ ಕ್ರೂಸರಿಗೆ ಕ್ಲೀನರ್ ಆದದ್ದು, ಬಸ್ ಸ್ಟ್ಯಾಂಡಿನಲ್ಲಿ ಯಾರಾದ್ರೂ ಕೆಣಕಿದ್ರೂ ಸುಮ್ಮನೆ ಹೋದದ್ದು, ಅವ್ವನ ಮರೆತ ಚೀಲ ಮನೆಗೆ ತಂದು ಕೊಟ್ಟದ್ದು. ಅವನ ತಪ್ಪಿನ ಪಕ್ಕದಲ್ಲೇ ಇದೂ ದಾಖಲಾಗಿದೆ. ನಮ್ಮ ವೆರಿಫಿಕೇಷನ್ ಕಾಗದದಲ್ಲಿ ಹನ್ನೊಂದು ವರ್ಷದ ಹಿಂದಿನ ಒಂದು ಸಂಜೆ ಇದೆ, ಆಮೇಲಿನ ಹನ್ನೊಂದು ವರ್ಷ ಇಲ್ಲ.

ಹಾಗಂತ ಊರಿನ ನೆನಪನ್ನ ದೇವರ ಪಟ್ಟಕ್ಕೆ ಏರಿಸೋದೂ ಬೇಡ. 'ಅವನು ಗೊತ್ತಿರೋ ಹುಡುಗ' ಅನ್ನೋದರಲ್ಲಿ ಎಷ್ಟೋ ಸಲ ಜಾತಿ ಗೊತ್ತು, ಮನೆ ಗೊತ್ತು ಅನ್ನೋದೇ ಇರುತ್ತೆ. ನಮ್ಮ ಚಾಲಕ ಬೇರೆ ಓಣಿಯವನಾಗಿದ್ರೆ ಊರು ಇಷ್ಟು ಬೇಗ 'ಆಗ ಹುಡುಗ ಇದ್ದ' ಅಂತಿತ್ತಾ? ಅನುಮಾನ. ಆ ಓಣಿಯ ಹುಡುಗನಿಗೆ ಕೊಪ್ಪಳದ ಆರ್‌ಟಿಓ ಕೊಡೋ ಕಾರ್ಡೇ ಮೇಲು. ಅದು ಕಣ್ಣು, ವಯಸ್ಸು, ಗಾಡಿ ತಿರುಗಿಸೋ ಕೈ ನೋಡುತ್ತೆ, ಓಣಿ ಕೇಳಲ್ಲ.

ಅವನ ಪ್ರಶ್ನೆಗೆ ಇಂಗ್ಲೆಂಡಿನ ಆ ಕಾಗದದಲ್ಲಿ ಅಂಕಿಗಳೇ ಇವೆ. ಹಿಂಸೆಯ ಅಪರಾಧಕ್ಕೆ ಶಿಕ್ಷೆ ಮುಗಿದು ಕನಿಷ್ಠ 10 ವರ್ಷ, ಮೋಸಕ್ಕೆ 7 ವರ್ಷ. ಲೈಂಗಿಕ ಅಪರಾಧವಾದ್ರೆ ಲೈಸೆನ್ಸ್ ಇಲ್ಲ. ಅಂಕಿ ಸರಿಯೋ ತಪ್ಪೋ, ಒಂದು ಅಂಕಿ ಇದೆಯಲ್ಲ, ಗೇಟಿನ ಹತ್ತಿರ ನಿಂತವನಿಗೆ ಹೇಳೋಕೆ ಅಷ್ಟಾದ್ರೂ ಇರುತ್ತೆ. ನಮ್ಮ ಕಾನೂನಿನಲ್ಲೂ ಮುಗೀತು ಅನ್ನೋ ಒಂದು ಜಾಗ ಇದೆ. 1958ರ ಪ್ರೊಬೇಷನ್ ಕಾಯ್ದೆಯ ಪ್ರಕಾರ ಕೋರ್ಟು ಯಾರನ್ನಾದ್ರೂ ಜೈಲಿಗೆ ಕಳಿಸದೆ ಒಳ್ಳೇ ನಡತೆಯ ಬಾಂಡಿನ ಮೇಲೆ ಬಿಟ್ಟರೆ, ಆ ಅಪರಾಧದಿಂದ ಬರೋ ಅನರ್ಹತೆ ಅವನಿಗೆ ತಟ್ಟಬಾರದು. ಇದನ್ನ ಓದಿ ಎದ್ದು ಹೋಗಿ ಫೈಲು ಮತ್ತೆ ತೆಗೆದೆ. ಎರಡನೇ ಪುಟದಲ್ಲಿ ಇತ್ತು: ಬಾಂಡ್ ಮೇಲೆ ಬಿಡುಗಡೆ. ನಾನು ಎರಡನೇ ಪುಟ ತಿರುಗಿಸಿರಲೇ ಇಲ್ಲ. ನಮ್ಮಂಥ ಕಮಿಟಿಗೆ ಆ ಕಾಯ್ದೆ ಎಷ್ಟು ಅನ್ವಯ ಅನ್ನೋದು ವಕೀಲರ ಮಾತು. ಒಬ್ಬ ನ್ಯಾಯಾಧೀಶರು ಅವನನ್ನ ಕಣ್ಣಾರೆ ನೋಡಿ, ಕೇಳಿ ಬರೆದದ್ದನ್ನ ನಾನು ಓದದೇ ಟಿಕ್ ಹಾಕಿದ್ದೆ ಅನ್ನೋದಕ್ಕೆ ವಕೀಲರು ಬೇಕಿಲ್ಲ.

ಫೈಲನ್ನ ಮತ್ತೆ ಕಮಿಟಿ ಮುಂದೆ ಇಟ್ಟೆ. ಅವನನ್ನ ಒಳಗೆ ಕರೆದು ಕೂರಿಸಿ ಕೇಳಿದ್ವಿ, ಹಳೇ ಮಾಲೀಕರಿಬ್ಬರಿಗೆ ಫೋನ್ ಮಾಡಿದ್ವಿ. ಒಬ್ಬರು ಒಳ್ಳೇ ಮಾತು ಹೇಳಿದ್ರು, ಇನ್ನೊಬ್ಬರು 'ಸ್ವಲ್ಪ ಸಿಟ್ಟು ಜಾಸ್ತಿ' ಅಂದ್ರು. ನಾನು ಇದ್ದದ್ದನ್ನ ಇದ್ದ ಹಾಗೆ ಬರೆದೆ. ನಮ್ಮ ಮಹಿಳಾ ಸಹೋದ್ಯೋಗಿ ಫೈಲು ಎಳ್ಕೊಂಡು, ಎರಡು ಬಾಕ್ಸಿನ ಯಾವುದಕ್ಕೂ ಟಿಕ್ ಹಾಕದೆ, ಪಕ್ಕದ ಖಾಲಿ ಜಾಗದಲ್ಲಿ ಪೆನ್ನಿಂದ ಬರೆದ್ರು: 'ಹಗಲು ಟ್ರಿಪ್ ಮಾತ್ರ. ಆರು ತಿಂಗಳಾದ ಮೇಲೆ ಫೈಲ್ ನನ್ನ ಮುಂದೆ ತನ್ನಿ.' ನನಗೆ ಇದು ಕಡಿಮೆ ಅನ್ನಿಸ್ತು. ಅವರಿಗೆ ಇದೇ ಜಾಸ್ತಿ ಅನ್ನಿಸಿತ್ತು, ಮುಖ ನೋಡಿದ್ರೇ ಗೊತ್ತಾಗ್ತಿತ್ತು.

ವೆಂಡರ್ ಕಡೆಯಿಂದ ಎರಡು ದಿನಕ್ಕೆ ಫೋನ್ ಬಂತು. ಅವರ ಸಾಫ್ಟ್‌ವೇರಿನಲ್ಲಿ ಹಗಲು ಮಾತ್ರ ಅನ್ನೋ ಆಯ್ಕೆ ಇಲ್ಲವಂತೆ, ಫಿಟ್ಟೋ ಅನ್‌ಫಿಟ್ಟೋ ಹೇಳಿ ಅಂದ್ರು. ಆಯ್ಕೆ ಸೇರಿಸಿ ಅಂತ ಮೇಲ್ ಹಾಕಿದ್ದೀವಿ. ಅವನು ಸದ್ಯಕ್ಕೆ ಏರ್‌ಪೋರ್ಟ್ ಕಡೆ ಇನ್ನೊಬ್ಬರ ಗಾಡಿ ಓಡಿಸ್ತಿದ್ದಾನಂತೆ. ಅವ್ವ ಮುಂದಿನ ತಿಂಗಳು ಮತ್ತೆ ಹುಬ್ಬಳ್ಳಿಗೆ ಹೋಗಬೇಕು. ಗಾಡಿ ಹೇಳಿಯಾಗಿದೆ.