ಖಾಲಿ ರೈಡ್

ನಾನೊಮ್ಮೆ ಒಬ್ಬ ಮನುಷ್ಯನನ್ನು ಕೊಟ್ಟು ಇನ್ನೊಬ್ಬನನ್ನು ತಂದಿದ್ದೇನೆ. ಕೇಳಲಿಕ್ಕೆ ಏನೋ ಭಯಂಕರ ಅನಿಸಬಹುದು. ನಡೆದದ್ದು ಮಾತ್ರ ಸಂತೆಗುಳಿಯ ಒಂದು ಚಾ ಅಂಗಡಿಯ ಬೆಂಚಿನ ಮೇಲೆ, ಹತ್ತೇ ನಿಮಿಷದಲ್ಲಿ.

2016ರ ಜನವರಿ. ಪ್ರೊ ಕಬಡ್ಡಿಯ ಎರಡು ಸೀಸನ್ ಮುಗಿದಿದ್ದವು. ನಮ್ಮ ಕುಮಟಾ, ಹೊನ್ನಾವರದ ಕಡೆ ಕೊಯ್ಲಾದ ಗದ್ದೆಯಲ್ಲಿ ಲೈಟು ಕಟ್ಟಿ ಹೊನಲು ಬೆಳಕಿನ ಪಂದ್ಯಾವಳಿ ಆಡಿಸುವುದು ಮೊದಲಿಂದಲೂ ಇತ್ತು. ಟಿವಿ ಬಂದ ಮೇಲೆ ಬ್ಯಾನರು ದೊಡ್ಡದಾಯ್ತು, ನಿಯಮಗಳೂ ಟಿವಿಯವೇ ಆದವು. ನಾನು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಆಡಲಿಕ್ಕೆ ಬಾರದಿದ್ದರೂ ಜೆರ್ಸಿ ಖರ್ಚು ನನ್ನದಾದ್ದರಿಂದ ತಂಡದಲ್ಲಿ ನನ್ನ ಮಾತಿಗೆ ತೂಕ ಜಾಸ್ತಿ.

ನಮಗೊಬ್ಬ ಒಳ್ಳೆಯ ರೈಡರ್ ಇದ್ದ. ತೊಂದರೆಯೂ ಅದೇ. ಹತ್ತು ರೈಡಿನಲ್ಲಿ ಏಳು ಅವನೇ ಹೋಗಬೇಕು. ಅರ್ಧ ಆಟಕ್ಕೆ ಉಸಿರು ಕಟ್ಟಿ ಸಿಕ್ಕಿಬೀಳುತ್ತಿದ್ದ. ಅವನು ಹೊರಗೆ ಕೂತರೆ ಅವನನ್ನು ಒಳಗೆ ಕರೆಸುವ ಪಾಯಿಂಟು ತರುವವರಿಲ್ಲ. ಹೊಳೆಯಾಚೆಯ ತಂಡದಲ್ಲಿ ಒಬ್ಬ ಉದ್ದಕಾಲಿನವನಿದ್ದ. ಅವರಿಗೆ ಎಡ ಕಾರ್ನರಿಗೆ ಜನ ಬೇಕಿತ್ತು. ನಮ್ಮ ಎಡ ಕಾರ್ನರಿನ ಹುಡುಗ, ನನ್ನ ಜೊತೆಯೇ ಶಾಲೆಗೆ ಹೋದವನು, ತೋಟದ ಕೆಲಸ ಮುಗಿಸಿ ಸಂಜೆ ಬರುವವನು, ಪಾದಕ್ಕೆ ಕೈ ಹಾಕಿದರೆ ಬಿಡುತ್ತಿರಲಿಲ್ಲ. ಒಂದು ಸೀಸನ್ನಿಗೆ ಅವನು ಅಲ್ಲಿಗೆ, ಇವನು ಇಲ್ಲಿಗೆ ಅಂತ ಆ ತಂಡದವರ ಜೊತೆ ಮಾತಾಡಿ ಮುಗಿಸಿದೆ. ಹುಡುಗನಿಗೆ ಆಮೇಲೆ ಹೇಳಿದೆ. "ಹೌದಾ" ಅಂದ, ಚಾ ಕುಡಿದು ಹೋದ.

ಬಂದವನ ಆಟ ನೋಡಿ ಮೊದಲ ದಿನ ಊರಿಗೆ ಊರೇ ತಲೆ ಚಚ್ಚಿಕೊಂಡಿತು. ಹೆಸರಿಗೆ ರೈಡರ್. ಹೋಗುತ್ತಿದ್ದ, ಬಾಕ್ ಲೈನ್ ದಾಟುತ್ತಿದ್ದ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡಾಡಿ 30 ಸೆಕೆಂಡು ಮುಗಿಯುವ ಹೊತ್ತಿಗೆ ಯಾರನ್ನೂ ಮುಟ್ಟದೆ ವಾಪಸ್. "ಎಂತಕ್ಕೆ ತಂದ್ಯೋ ಮಾರಾಯ ಇವನ್ನ, ವಾಕಿಂಗಿಗಾ?" ಅಂತ ಒಬ್ಬರು ನನ್ನ ಕಿವಿಯ ಹತ್ತಿರವೇ ಕೂಗಿದರು.

ಏನು ನಡೀತಿದೆ ಅನ್ನುವುದು ನನಗೆ ಹೊಳೆದದ್ದು ಎರಡನೇ ಪಂದ್ಯದಲ್ಲಿ. ಇವನು ಖಾಲಿ ಹೋಗಿ ಬಂದಷ್ಟೂ ನಮ್ಮ ರೈಡರ್‌ಗೆ ಉಸಿರು ಸಿಗುತ್ತಿತ್ತು. ಎರಡು ರೈಡ್ ಸತತವಾಗಿ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ. ಪಾಯಿಂಟ್ ತರದಿದ್ದರೆ ಹೋದವನು ಔಟ್. ಎದುರಿಗೆ ಏಳೂ ಜನ ನಿಂತಿರುವಾಗ ಅಂಥ ಮೂರನೆಯದು ಬಂದರೆ ಇವನೇ ಮುಂದೆ ಬಂದು ಹೋಗಿ ಔಟಾಗುತ್ತಿದ್ದ. ಎದುರಾಳಿಗೆ ಒಂದು ಪಾಯಿಂಟು ಹೋಯಿತು ನಿಜ, ಆದರೆ ಪಾಯಿಂಟು ತರುವವನು ಅಂಕಣದಲ್ಲೇ ಉಳಿದ. ಅವನು ಮುಂದಿನ ರೈಡಿನಲ್ಲಿ ಒಬ್ಬನನ್ನು ಮುಟ್ಟಿದರೆ ಇವನು ಮತ್ತೆ ಒಳಗೆ. ಕೊನೆಯ ಎರಡು ನಿಮಿಷ ಮೂರು ಪಾಯಿಂಟು ಮುಂದಿದ್ದಾಗಂತೂ ಲೆಕ್ಕ ಸರಳ: ಪೂರ್ತಿ ಎಳೆದರೆ ಉಳಿಯುವುದು ನಾಲ್ಕೇ ರೈಡು, ಅದರಲ್ಲಿ ಎರಡು ನಮ್ಮವು, ಎರಡನ್ನೂ ಇವನು ತಿಂದುಹಾಕುತ್ತಿದ್ದ. ಹಿಡಿಯುವಾಗ ಕವರಿನಲ್ಲಿ ನಿಂತು ಕಾರ್ನರಿನವನ ಬೆನ್ನಿಗಿರುತ್ತಿದ್ದ. ಮೊದಲ ಕೈ ಅವನದಲ್ಲ, ಎರಡನೆಯದು. ಪಾಯಿಂಟು ಮಾತ್ರ ಮೊದಲ ಕೈಯವನ ಹೆಸರಿಗೆ.

ನಮ್ಮ ರೈಡರ್ ಆ ಸಲ ಮೊದಲಿಗಿಂತ ಕಮ್ಮಿ ರೈಡ್ ಹೋದ, ಮೊದಲಿಗಿಂತ ಜಾಸ್ತಿ ಪಾಯಿಂಟು ತಂದ. ಅವನು ಸುಧಾರಿಸಿದ್ದಾನೆ ಅಂತ ಜನ ಹೇಳಿದರು. ಅವನೂ ಹಾಗೇ ನಂಬಿದ್ದ.

ಎಲ್ಲವೂ ಒಳ್ಳೆಯದಾಯ್ತು ಅಂತಲ್ಲ. ಕಾಲೇಜಿಗೆ ಹೋಗುವ ಒಬ್ಬ ಚಿಕ್ಕ ಹುಡುಗ ಎರಡನೇ ರೈಡರ್ ಆಗಿದ್ದ, ಅವನ ಸರದಿ ತಪ್ಪಿತು. ತಪ್ಪು ಮಾಡಿ ಕಲಿಯುವ ವಯಸ್ಸಿನಲ್ಲಿ ಗೆರೆಯಾಚೆ ಕೂತು ನೋಡಿದ. ಎಡ ಕಾರ್ನರ್ ಖಾಲಿ ಬಿತ್ತು. ಆಟ ಮುಗಿದ ಮೇಲೆ ಬೈಕುಗಳು ಒಟ್ಟಿಗೆ ಹೊರಡುತ್ತಿದ್ದವು, ಅದೂ ಚದುರಿತು. ಬಂದವನು ಅಂಗಿ ಬದಲಿಸಿ ಸುಮ್ಮನೆ ಹೊರಡುವವನು, ಅವನನ್ನು ಚಾಕ್ಕೆ ಕರೆಯಲು ಯಾರಿಗೂ ನೆನಪಾಗುತ್ತಿರಲಿಲ್ಲ. ನನಗೂ. ಕೊನೆಗೆ ಫೈನಲ್ ತನಕ ಹೋಗಿ ಎರಡು ಪಾಯಿಂಟಿಗೆ ಸೋತೆವು. ಉತ್ತಮ ದಾಳಿಗಾರ ಪ್ರಶಸ್ತಿ ನಮ್ಮ ರೈಡರ್‌ಗೆ ಬಂತು. ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ ಅಂತಲೂ ಕಪ್ಪುಗಳಿದ್ದವು. ಖಾಲಿ ಬಂದವನಿಗೆ ಎಂತ ಕಪ್ಪು ಕೊಡುತ್ತಾರೆ?

ಈ ಪ್ರಶ್ನೆ ತಮಾಷೆಯಾಗಿಯೇ ಇದ್ದುಬಿಡುತ್ತಿತ್ತೇನೋ. ಕೆಲವು ವರ್ಷದ ಹಿಂದೆ ಆಫೀಸಿನ ಕೆನಡಾದ ಸಹೋದ್ಯೋಗಿಯೊಬ್ಬ ಐಸ್ ಹಾಕಿಯ ಬಗ್ಗೆ ಹೇಳಿದಾಗ ಮತ್ತೆ ಗಂಭೀರವಾಗಿ ಎದ್ದಿತು. ಅಲ್ಲಿ ಮುಂಪಡೆಯಲ್ಲಿ ಆಡುತ್ತಲೇ ಗೋಲು ತಡೆಯುವುದನ್ನೇ ಮುಖ್ಯ ಕೆಲಸ ಮಾಡಿಕೊಂಡವರಿದ್ದಾರಂತೆ. ಅಂಥವರಿಗೆಂದೇ 1978ರಿಂದ ಸೆಲ್ಕಿ ಟ್ರೋಫಿ ಅಂತ ಒಂದಿದೆ. ಮೊದಲ ನಾಲ್ಕು ವರ್ಷವೂ ಅದು ಮಾಂಟ್ರಿಯಲ್ ತಂಡದ ಬಾಬ್ ಗೇನಿಗೆ. ಅದೇ ತಂಡದ ಗೀ ಕಾರ್ಬನೋ ಮೂರು ಸಲ ಗೆದ್ದ. ಈ ಕಾರ್ಬನೋ 1993ರಲ್ಲಿ ತಂಡ ಸ್ಟಾನ್ಲಿ ಕಪ್ ಎತ್ತಿದಾಗ ಕ್ಯಾಪ್ಟನ್. ಮರುವರ್ಷ, 1994ರಲ್ಲಿ, ಅವನನ್ನು ಸೇಂಟ್ ಲೂಯಿಸ್‌ಗೆ ಕೊಟ್ಟು ಇನ್ನೊಬ್ಬನನ್ನು ತಂದರು. 1995ರಲ್ಲಿ ಅಲ್ಲಿಂದ ಡಲ್ಲಾಸ್‌ಗೆ. ಡಲ್ಲಾಸ್‌ನಲ್ಲಿ ಆಟಗಾರರನ್ನು ಕೊಡುವ ತರುವ ಅಧಿಕಾರ ಆಗ ಯಾರ ಕೈಲಿತ್ತು ಗೊತ್ತಾ? ಬಾಬ್ ಗೇನಿಯ ಕೈಲಿ. 1999ರಲ್ಲಿ ಆ ತಂಡ ಕಪ್ ಗೆದ್ದಾಗ ಕಾರ್ಬನೋಗೆ 39 ವರ್ಷ. ಖಾಲಿ ಕೆಲಸದ ಬೆಲೆ ಅದನ್ನು ಮಾಡಿದವನಿಗೇ ಗೊತ್ತಿತ್ತು ಅಂತ ನನಗೆ ಅನಿಸುತ್ತದೆ. ಜೆರ್ಸಿ ಖರ್ಚು ಕೊಟ್ಟವನಿಗಲ್ಲ.

ಆಗದೇ ಹೋದದ್ದಕ್ಕೆ ಯಾರ ಹೆಸರಲ್ಲಿ ಲೆಕ್ಕ ಬರೆಯುವುದು? ನಮ್ಮ ವೃತ್ತಿಯಲ್ಲೂ ರಾತ್ರಿ ಎರಡಕ್ಕೆ ಬಿದ್ದ ಸರ್ವರ್ ಎಬ್ಬಿಸಿದವನಿಗೆ ಚಪ್ಪಾಳೆ, ಬೀಳದ ಹಾಗೆ ನೋಡಿಕೊಂಡವನಿಗೆ "ಇವನಿಗೆ ಕೆಲಸ ಕಮ್ಮಿ ಇದೆಯಾ" ಅಂತ ಪ್ರಶ್ನೆ. ಇದನ್ನು ಅನ್ಯಾಯ ಅಂತ ನಾವೆಲ್ಲ ಒಪ್ಪುತ್ತೇವೆ, ಒಪ್ಪಿ ಸುಮ್ಮನಾಗುತ್ತೇವೆ.

ನನ್ನನ್ನು ಇನ್ನೂ ಕಾಡುವುದು ಬೇರೆ. ಆ ಉದ್ದಕಾಲಿನವನು ಹೊಳೆಯಾಚೆ ಪಾಯಿಂಟು ತರುತ್ತಿದ್ದವನೇ. ಮುಟ್ಟಲಿಕ್ಕೆ ಬಾರದವನಲ್ಲ. ನಮ್ಮಲ್ಲಿ ಬಂದು ಮುಟ್ಟದೇ ಇದ್ದ. ಒಬ್ಬನನ್ನು ಅವನ ಕೈಲಾಗುವುದಕ್ಕಿಂತ ಕಮ್ಮಿ ಮಾಡು ಅಂತ ಕೇಳುವ ಹಕ್ಕು ತಂಡಕ್ಕಿದೆಯೇ? ದ್ರಾವಿಡ್ ನೆನಪಾಗುತ್ತಾರೆ. ತಂಡಕ್ಕೆ ಒಬ್ಬ ಹೆಚ್ಚಿನ ಬ್ಯಾಟ್ಸ್‌ಮನ್ ಸೇರಲಿ ಅಂತ 2003ರ ವಿಶ್ವಕಪ್‌ನಲ್ಲಿ ಗ್ಲೌಸ್ ತೊಟ್ಟು ನಿಂತವರು. ಅದನ್ನು ತ್ಯಾಗ ಅಂತ ಹೊಗಳಿ ನಾವು ಮುಗಿಸಿಬಿಡುತ್ತೇವೆ. ಆದರೆ ತ್ಯಾಗ ಅನ್ನಬೇಕಾದರೆ ಬಿಟ್ಟುಕೊಡುವವನಿಗೆ ಇಲ್ಲ ಅನ್ನುವ ದಾರಿಯೂ ಇರಬೇಕಲ್ಲ. 2009ರ ಐಪಿಎಲ್‌ಗೆ ಮೊದಲು ನಮ್ಮ ಉತ್ತಪ್ಪ ಮುಂಬೈಯಿಂದ ಬೆಂಗಳೂರಿಗೆ ಬಂದು ಜಹೀರ್ ಖಾನ್ ಅತ್ತ ಹೋದಾಗ ಅದಕ್ಕೊಂದು ಕಾಗದ, ಒಂದು ಸಂಬಳ ಇತ್ತು. ಸಂತೆಗುಳಿಯಲ್ಲಿ ಕಾಗದವಿರಲಿಲ್ಲ. ಇದ್ದದ್ದು ದಾಕ್ಷಿಣ್ಯ ಒಂದೇ, ನಾನು ಬಳಸಿಕೊಂಡದ್ದೂ ಅದನ್ನೇ. ಆಫೀಸಿನಲ್ಲಿ ಮ್ಯಾನೇಜರ್ ನನ್ನನ್ನು 'ರಿಸೋರ್ಸ್' ಅಂದಾಗ ಮೈ ಉರಿಯುತ್ತಿದ್ದ ಅದೇ ವರ್ಷ.

ನಮ್ಮ ಎಡ ಕಾರ್ನರಿನ ಹುಡುಗ ಆ ಸೀಸನ್ ಮುಗಿದ ಮೇಲೆ ನಮ್ಮಲ್ಲಿಗೂ ಬರಲಿಲ್ಲ, ಅಲ್ಲೂ ಆಡಲಿಲ್ಲ. ಮಂಡಿನೋವು ಅಂದ. ಕಳೆದ ವರ್ಷ ಊರಿಗೆ ಹೋದಾಗ ಅವನ ಮನೆಯ ಅಂಗಳದಲ್ಲಿ ಕೂತು ಅಡಿಕೆ ಸುಲಿಯುವುದನ್ನು ನೋಡುತ್ತಾ ಕೊನೆಗೂ ಕೇಳಿದೆ, ಆವಾಗ ಸಿಟ್ಟು ಬಂದಿತ್ತಾ ಅಂತ. ಅವನು ಕೈ ನಿಲ್ಲಿಸಲಿಲ್ಲ. "ಹೋಗಲಿಕ್ಕೆ ಎಂತ ಇತ್ತು ಮಾರಾಯ. ಹೋಗ್ತ್ಯಾ ಅಂತ ಕೇಳಿದ್ರೆ ಖುಷೀಲೇ ಹೋಗ್ತಿದ್ದೆ." ತಂಡಕ್ಕೆ ಅದು ಒಳ್ಳೆಯದೇ ಆಯ್ತಲ್ಲ ಅಂತ ನಾನು ಇನ್ನೂ ಹೇಳಲಿಕ್ಕೆ ನೋಡಿದೆ. "ಆಯ್ತು, ನಾನೆಲ್ಲಿ ಇಲ್ಲ ಅಂದೆ" ಅಂದ.

ಆ ರಾತ್ರಿ ಹಳೆಯ ಫೋನು ಹುಡುಕಿ ಫೈನಲ್ಲಿನ ವಿಡಿಯೋ ತೆಗೆದೆ. ಉದ್ದಕಾಲಿನವನ ಆಟವನ್ನು ಒಮ್ಮೆ ಸರಿಯಾಗಿ ನೋಡಬೇಕು ಅಂತ. ತುಂಡು ತುಂಡಾಗಿ ಹನ್ನೆರಡು ವಿಡಿಯೋ ಇದ್ದವು. ಎಲ್ಲದರಲ್ಲೂ ನಮ್ಮ ರೈಡರ್, ಇಲ್ಲವೇ ಯಾರೋ ಯಾರನ್ನೋ ಹಿಡಿದದ್ದು. ಶೂಟ್ ಮಾಡಿದವನು ನಾನೇ. ಅವನು ರೈಡಿಗೆ ಹೊರಟಾಗಲೆಲ್ಲ ಬ್ಯಾಟರಿ ಉಳಿಸಲಿಕ್ಕೆ ಆಫ್ ಮಾಡುತ್ತಿದ್ದೆ.